ಕೊಳಗದ ಒಳಮೈ

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ. ಫೇಲಾಗಿ ಬಿಟ್ಟದ್ದಲ್ಲ, ಮೇಷ್ಟರ ಏಟಿಗೆ ಹೆದರಿ ಬಿಟ್ಟದ್ದಲ್ಲ, ಮನೆಯಲ್ಲಿ ಗತಿಯಿಲ್ಲದೆ ಬಿಟ್ಟದ್ದೂ ಅಲ್ಲ. ಅಪ್ಪನಿಗೆ ರಸ್ತೆ ಇಲಾಖೆಯಲ್ಲಿ ಗ್ಯಾಂಗ್ ಕೆಲಸವಿತ್ತು, ಅವ್ವನಿಗೆ ಹೋಟೆಲಿತ್ತು, ಎರಡು ಹೊತ್ತಿನ ಮುದ್ದೆಗೆ ಕೊರತೆಯಿರಲಿಲ್ಲ. ನಾನಾಗಿಯೇ ಬಿಟ್ಟೆ. ಒಂದು ಹಿತ್ತಾಳೆ ಕೊಳಗವನ್ನು ಅತಿಯಾಗಿ ಉಜ್ಜಿ, ಆ ತಪ್ಪನ್ನು ನನ್ನ ಕೈಯಲ್ಲೇ ಸರಿಮಾಡಬೇಕು ಅಂತ ಬಿಟ್ಟೆ. ಹೀಗೆಂದರೆ ನನ್ನ ಮಕ್ಕಳು ನಗುತ್ತಾರೆ. ನಗಲಿ. ಅವರು ನಗುವಷ್ಟು ಹೊತ್ತೂ ನಾನು ಕೂತಲ್ಲಿ ಕೂತಿರುವುದಿಲ್ಲ, ಅದೇ ನನ್ನ ಕಾಯಿಲೆ. ಬೇರೆಯವರ ಹೋಟೆಲಿಗೆ ಹೋದರೆ ಎಲೆ ಮುಂದೆ ಬರುವ ಮೊದಲೇ ಕೈ ತೊಳೆಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಇಣುಕುತ್ತೇನೆ. ಮದುವೆ ಮನೆಗೆ ಹೋದರೆ ಗಂಡು ಹೆಣ್ಣನ್ನು ನೋಡುವುದಕ್ಕೆ ಮುಂಚೆ ಹಿಂದಿನ ಶಾಮಿಯಾನಕ್ಕೆ ಹೋಗಿ ಪಾತ್ರೆ ನೋಡುತ್ತೇನೆ. ನನ್ನ ಹೆಂಡತಿ ನೆಂಟರೆದುರಿಗೇ ಕೇಳುತ್ತಾಳೆ:

“ಕುಂತ್ಕಂಡ್ರೆ ಮುಳ್ಳು ಚುಚ್ತದಾ ನಿಮ್ಗೆ? ಉಣ್ಣಕ್ ಬಂದಿದ್ದೀರೋ, ಚೆಕಿಂಗ್ ಮಾಡಕ್ ಬಂದಿದ್ದೀರೋ?”

ಎರಡಕ್ಕೂ ಬಂದಿರುತ್ತೇನೆ. ಆ ಮುಳ್ಳು ಎಲ್ಲಿ ಚುಚ್ಚಿಕೊಂಡಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಳವಳ್ಳಿಯಿಂದ ಬೆಳಕವಾಡಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಲ್ಲಿ ನಮ್ಮ ಮನೆ ಇತ್ತು. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಒಂದು ಗೋಡೆ. ಆ ಗೋಡೆಯಲ್ಲಿ ಬಾಗಿಲಿಲ್ಲದ ಒಂದು ಕಿಂಡಿ. ಸಾರು, ಮುದ್ದೆ, ಬೈಗುಳ ಎಲ್ಲವೂ ಅದರಲ್ಲೇ ಆಚೆಯಿಂದ ಈಚೆಗೆ ಹೋಗಿ ಬರುತ್ತಿದ್ದವು. ಅಡುಗೆಮನೆ ಒಂದೇ. ಹೋಟೆಲಿನವರು ಉಂಡದ್ದನ್ನೇ ನಾವು ಉಣ್ಣುತ್ತಿದ್ದೆವು, ಆದರೆ ಎಲ್ಲರಿಗಿಂತ ಕಡೆಗೆ. ನಾನು ಮಲಗುತ್ತಿದ್ದದ್ದು ರಾಗಿ ಮೂಟೆಗಳ ಪಕ್ಕ. ಶಿವನಸಮುದ್ರಕ್ಕೆ ಜಲಪಾತ ನೋಡಲು ಹೋಗುವ ಬಸ್ಸಿನವರು, ಕಬ್ಬಿನ ಲಾರಿಯವರು, ಸಂತೆಗೆ ಬಂದು ಹೋಗುವವರು ನಮ್ಮ ಗಿರಾಕಿಗಳು. ಹೋಟೆಲಿಗೆ ಹೆಸರಿನ ಬೋರ್ಡು ಇರಲಿಲ್ಲ. ಒಳಗೆ ಗಲ್ಲಾಪೆಟ್ಟಿಗೆಯ ಮೇಲೆ ಅಪ್ಪ ತಂದು ಹಾಕಿದ್ದ ಬುದ್ಧನ ಪಟವಿತ್ತು. ಅದನ್ನು ನೋಡಿದ ಸ್ಥಳೀಕರಿಗೆ ನಾವು ಯಾವ ಕೇರಿಯಿಂದ ಬಂದವರು ಅಂತ ಹೇಳಬೇಕಾಗಿರಲಿಲ್ಲ, ಪಟವಿಲ್ಲದಿದ್ದರೂ ಹೇಳಬೇಕಾಗಿರಲಿಲ್ಲ. ದೂರದ ಡ್ರೈವರುಗಳು ಒಳಗೆ ಕೂತು ಉಣ್ಣುತ್ತಿದ್ದರು. ಊರಿನ ಎಷ್ಟೋ ಜನ ಹೊರಗಿನ ಬೆಂಚಿನ ಮೇಲೆ ಕೂತು ಟೀ ಮಾತ್ರ ಕುಡಿಯುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ, ನಗುನಗುತ್ತಾ ಮಾತಾಡುತ್ತಿದ್ದರು. ಆದರೆ ಊಟದ ಹೊತ್ತಿಗೆ ಸರಿಯಾಗಿ ಅವರಿಗೆಲ್ಲ ಮನೆ ನೆನಪಾಗುತ್ತಿತ್ತು. ಅವರಲ್ಲಿ ನಿಂಗೇಗೌಡರು ಮುಖ್ಯ. ನಮ್ಮ ಹೋಟೆಲಿನ ಎದುರಿಗೇ ಅವರ ಗದ್ದೆ. ಆರು ವರ್ಷ ದಿನಕ್ಕೆರಡು ಸಲ ಟೀ ಕುಡಿದರು. ಒಂದು ದಿನವೂ ಹೊಸ್ತಿಲು ದಾಟಲಿಲ್ಲ.

ಅವ್ವನ ಹೆಸರು ಚಿಕ್ಕತಾಯಮ್ಮ. ನನ್ನ ಅವ್ವನಷ್ಟು ತೊಳೆಯುವ ಹೆಂಗಸನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ನಾಲ್ಕು ಮೊಳೆಗೆ ನಾಲ್ಕು ಬಟ್ಟೆ: ಮೇಜಿನದು, ತಟ್ಟೆಯದು, ಒಲೆಯದು, ನೆಲದ್ದು. ನೆಲದ ಬಟ್ಟೆಯನ್ನು ಮೇಜಿನ ಮೊಳೆಗೆ ಹಾಕಿದ ಒಂದು ತಪ್ಪಿಗೆ ನನಗೆ ಬಿದ್ದ ಏಟು ಇವತ್ತಿಗೂ ಎಡಗಿವಿಯಲ್ಲಿದೆ. ಲೋಟಗಳನ್ನು ಕುದಿಯುವ ನೀರಿಗೆ ಹಾಕಿ ತೆಗೆಯುತ್ತಿದ್ದಳು. ಉಗುರು ನೋಡುತ್ತಿದ್ದಳು, ನನ್ನದು, ಅಕ್ಕನದು, ಅಪ್ಪನದೂ ಕೂಡ. ಟಾರಿನ ಕೆಲಸ ಮಾಡಿ ಬರುವ ಅಪ್ಪನ ಉಗುರಿನ ಕಪ್ಪು ಹೋಗುವಂಥದ್ದಲ್ಲ, ಹಾಗಾಗಿ ಅವನಿಗೆ ಅಡುಗೆಮನೆಯೊಳಗೆ ಪ್ರವೇಶವೇ ಇರಲಿಲ್ಲ. ಅಪ್ಪ ಕಿಂಡಿಯಲ್ಲಿ ಮುಖವಿಟ್ಟು ಗಿರಾಕಿಗಳಿಗೆ ಕೇಳುವ ಹಾಗೆ ಹೇಳುತ್ತಿದ್ದ:

“ನನ್ ಮನೇಲಿ ನಂಗೇ ಕಿಂಡೀಲಿ ಮುದ್ದೆ ಕೊಡ್ತಾಳೆ ಕಣ್ರಪ್ಪಾ. ಇಲ್ಲಿ ಇರುವೆ ಬಂದ್ರೂ ಕಾಲ್ ತೊಳ್ಕಂಡೇ ಬರ್ಬೇಕು.”

“ಇರುವೇನೂ ಮಾತಾಡ್ದೆ ಬತ್ತದೆ, ನೀನೂ ಅಂಗೇ ಬಾ,” ಅನ್ನುತ್ತಿದ್ದಳು ಅವ್ವ.

ಎಲ್ಲರೂ ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ. ಬೇರೆ ಹೋಟೆಲಿನಲ್ಲಿ ಸಾರಿಗೆ ಕೂದಲು ಬಿದ್ದರೆ ಅದು ಕೂದಲು, ನಮ್ಮಲ್ಲಿ ಬಿದ್ದರೆ ಅದು ಜಾತಿ ಅನ್ನುವುದು ಅವಳಿಗೆ ಗೊತ್ತಿತ್ತು.

ಹೋಟೆಲಿನ ಸಾರೆಲ್ಲ ಆಗುತ್ತಿದ್ದದ್ದು ಒಂದು ದೊಡ್ಡ ಹಿತ್ತಾಳೆ ಕೊಳಗದಲ್ಲಿ. ಅವ್ವನ ತಾಯಿ ಬಸರಾಳಿನ ಸಂತೆಯಲ್ಲಿ ಕೊಂಡು ಹೊತ್ತು ತಂದದ್ದಂತೆ. ನಾನು ಬಗ್ಗಿದರೆ ಭುಜದ ತನಕ ಒಳಗೆ ಹೋಗುತ್ತಿದ್ದೆ. ಹಿತ್ತಾಳೆಗೆ ಹುಳಿ ತಾಕಿದರೆ ಕಿಲುಬು ಏಳುತ್ತದೆ, ಕಿಲುಬು ವಿಷ. ಅದಕ್ಕೇ ಒಳಗೆ ತವರದ ಲೇಪ ಕೊಡಿಸಬೇಕು. ಅದೇ ಕಲಾಯಿ. ವರ್ಷಕ್ಕೆ ಎರಡು ಸಲ ಇಮಾಂ ಸಾಬರು ಅನ್ನುವವರು ಗಾಳಿ ಊದುವ ತಿದಿ ಹೊತ್ತು ಬಂದು, ರಸ್ತೆ ಪಕ್ಕ ಗುಂಡಿ ತೋಡಿ, ಇದ್ದಿಲು ಉರಿಸಿ, ಕೊಳಗವನ್ನು ಕಾಯಿಸಿ ಕಲಾಯಿ ಹಾಕಿ ಹೋಗುತ್ತಿದ್ದರು. ಹಾಕಿದ ಹೊಸದರಲ್ಲಿ ಬೆಳ್ಳಿಯ ಹಾಗಿರುತ್ತಿತ್ತು. ಒಂದೆರಡು ತಿಂಗಳಲ್ಲಿ ಸಾರು ಕುದಿದು ಕುದಿದು ಬೂದುಬಣ್ಣಕ್ಕೆ, ಆಮೇಲೆ ಕಪ್ಪುಬೂದಿಗೆ ತಿರುಗುತ್ತಿತ್ತು. ಕಪ್ಪಾದರೂ ಅದು ಕಾಯುತ್ತಿತ್ತು. ಅವ್ವ ಅದರ ಹೊರಮೈಯನ್ನು ಹುಣಸೆಹಣ್ಣು ಹಾಕಿ ಕನ್ನಡಿಯಂತೆ ಬೆಳಗುತ್ತಿದ್ದಳು, ಒಳಮೈಗೆ ಮಾತ್ರ ಬರೀ ಬಟ್ಟೆ ಮತ್ತು ಬಿಸಿನೀರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಹೆಲ್ತ್ ಇನ್‌ಸ್ಪೆಕ್ಟರ್ ಬಂದರು. ಸ್ಕೂಟರ್ ನಿಲ್ಲಿಸಿ ನೇರ ಒಳಗೆ ಬಂದು, ನೀರಿನ ತೊಟ್ಟಿ ನೋಡಿದರು, ಮೊಳೆಗಳನ್ನು ನೋಡಿದರು, ಯಾವ ಮೊಳೆಗೆ ಯಾವ ಬಟ್ಟೆ ಅಂತ ಕೇಳಿ ತಲೆದೂಗಿದರು. ಕಡೆಗೆ ತೊಳೆದು ಬೋರಲು ಹಾಕಿದ್ದ ಕೊಳಗವನ್ನು ಎತ್ತಿಸಿ ಒಳಗೆ ನೋಡಿದರು.

“ಏನಮ್ಮಾ, ಹೊರಗೆಲ್ಲ ಫಳಫಳ ಅಂತಿದೆ, ಒಳಗೆ ಇಷ್ಟು ಮಸಿ?”

“ಮಸಿ ಅಲ್ಲ ಸಾ. ಕಲಾಯಿ.”

“ಕಲಾಯಿ ಬೆಳ್ಳಗಿರುತ್ತೆ, ನಮ್ಮನೇಲೂ ಇತ್ತು. ಜನ ಉಣ್ಣೋ ಪಾತ್ರೆ ಇದು. ಹದಿನೈದು ದಿನ ಬಿಟ್ಟು ಬರ್ತೀನಿ, ಅಷ್ಟರಲ್ಲಿ ಸರಿಯಾಗಿ ತೊಳೆದಿಡಿ. ಇಲ್ಲಾಂದ್ರೆ ಬರೀಬೇಕಾಗುತ್ತೆ.”

ಅವರು ಜೋರಾಗಿ ಹೇಳಲಿಲ್ಲ. ಆದರೆ ಆ ಕಿಂಡಿಗೆ ಬಾಗಿಲಿರಲಿಲ್ಲವಲ್ಲ, ಹೊರಗಿನ ಬೆಂಚಿಗೆ ಎಲ್ಲವೂ ಕೇಳಿತು. ಬೆಂಚಿನಲ್ಲಿ ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು. ನಿಂಗೇಗೌಡರು ಟೀ ಪೂರ್ತಿ ಕುಡಿಯದೆ ಎದ್ದು ಗದ್ದೆಗೆ ಹೋದರು. ಅವ್ವ ಆ ಅರ್ಧ ಲೋಟವನ್ನು ತಂದು, ಚೆಲ್ಲದೆ, ಸುಮಾರು ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದಳು.

ಇಮಾಂ ಸಾಬರಿಗೆ ಹೇಳಿಕಳಿಸಿದಳು. ಬಸ್ ಕಂಡಕ್ಟರ್ ಮದ್ದೂರಿನಿಂದ ಸುದ್ದಿ ತಂದ: ಎಲ್ಲರೂ ಸ್ಟೀಲು ಕೊಳ್ಳುತ್ತಿದ್ದಾರೆ, ಕೇಳುವವರಿಲ್ಲ, ಸಾಬರು ತಿದಿಯನ್ನು ಅಟ್ಟಕ್ಕೆ ಹಾಕಿ ಮಗಳ ಮನೆಯಲ್ಲಿ ಕೂತಿದ್ದಾರೆ, ಕಾಲು ಊದಿದೆ, ಬರುವುದಿಲ್ಲ. ಹದಿಮೂರನೇ ದಿನ ಕಳೆಯಿತು. ಹದಿನಾಲ್ಕನೇ ದಿನ ಬೆಳಿಗ್ಗೆ ಅವ್ವ ನನ್ನನ್ನು ಸ್ಕೂಲಿಗೆ ಕಳಿಸಲಿಲ್ಲ. ತೆಂಗಿನ ನಾರು, ಇಟ್ಟಿಗೆ ಪುಡಿ, ನೆನೆಸಿದ ಹುಣಸೆಹಣ್ಣು ಮುಂದಿಟ್ಟು, ಕೊಳಗವನ್ನು ಮಲಗಿಸಿ, ನನ್ನನ್ನು ಒಳಗೆ ತೂರಿಸಿದಳು. ನನ್ನ ಮೈ ಸಣ್ಣ, ಒಳಗೆ ತೂರಿದರೆ ಕೈ ತಳ ಮುಟ್ಟುತ್ತಿತ್ತು. ನಾನು ಜಂಬದಿಂದಲೇ ಉಜ್ಜಿದೆ. ಸ್ಕೂಲಿನಲ್ಲಿ ಲೆಕ್ಕ ಮಾಡುವುದಕ್ಕಿಂತ ಇದು ಮೇಲು ಅನ್ನಿಸಿತ್ತು. ಒಳಗೆ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳುತ್ತಿತ್ತು. ಸುಮಾರು ಹೊತ್ತಾದ ಮೇಲೆ ಕಪ್ಪು ಹೋಗಿ ಬಿಳಿ ಬಂತು, ಬಿಳಿಯಲ್ಲಿ ಒಂದು ಕಡೆ ನಾಲ್ಕಾಣೆ ಅಗಲಕ್ಕೆ ಹಳದಿ ಬಂತು.

“ಅವ್ವಾ, ಚಿನ್ನ ಬತ್ತಾ ಅದೆ ನೋಡವ್ವಾ.”

ಅವಳು ಬಗ್ಗಿ ನೋಡಿದಳು. ಹೆಬ್ಬೆರಳಿನಿಂದ ಆ ಹಳದಿಯನ್ನು ಒಂದು ಸಲ ಒತ್ತಿದಳು. ತಲೆಯೆತ್ತಿ ಹೊರಗಿನ ಬೆಂಚಿನ ಕಡೆ ನೋಡಿದಳು.

“ಉಜ್ಜು,” ಅಂದಳು.

ಮಾರನೇ ದಿನ ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ಬಂದು ಖಾಲಿ ಕೊಳಗದೊಳಗೆ ನೋಡಿದಾಗ ಅವರ ಮುಖವೇ ಅದರಲ್ಲಿ ಕಾಣುತ್ತಿತ್ತು. ಅವರು ಒಳ್ಳೆಯ ಮನುಷ್ಯ, ನಿಜವಾಗಿ ಸಂತೋಷಪಟ್ಟರು. ಬಾಗಿಲಿಗೆ ಬಂದು, ಬೆಂಚಿನವರ ಎದುರಿಗೇ ಹೇಳಿದರು:

“ಹೀಗಿರಬೇಕು ನೋಡಿ ಹೋಟ್ಲು. ಮಳವಳ್ಳೀಲಿ ಇಷ್ಟು ಶುಚಿಯಾಗಿರೋ ಅಡುಗೆಮನೆ ನಾನು ನೋಡಿಲ್ಲ.”

ಆವತ್ತು ಹುರುಳಿಕಾಳಿನ ಬಸ್ಸಾರು. ಅವರು ಅತ್ತ ಹೋದದ್ದೇ ಅವ್ವ ಹುಣಸೆಹುಳಿ ಹಿಂಡಿ ಕೊಳಗದಲ್ಲಿ ಕುದಿಸಿ ಇಟ್ಟಿದ್ದಳು. ಅವ್ವ ದಿನಾ ಮೊದಲ ಸೌಟನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡದೆ ಯಾರಿಗೂ ಬಡಿಸಿದವಳಲ್ಲ. ಆ ದಿನ ನೋಡಲಿಲ್ಲ. ಯಾಕೆಂದರೆ ಊಟದ ಹೊತ್ತಿಗೆ ಬೆಂಚಿನಿಂದ ನಿಂಗೇಗೌಡರು ಎದ್ದರು, ಚಪ್ಪಲಿ ಬಿಟ್ಟರು, ಒಳಗೆ ಬಂದು ಮೂರನೇ ಮೇಜಿಗೆ ಕೂತರು. ಆರು ವರ್ಷಕ್ಕೆ ಮೊದಲನೇ ಸಲ.

“ಏನ್ ಮಾಡಿದ್ದೀಯಾ ಚಿಕ್ಕತಾಯಿ?”

“ಬಸ್ಸಾರು ಗೌಡ್ರೇ. ಪಲ್ಯ ಅದೆ.”

“ಹಾಕು ಮತ್ತೆ. ಇನ್ಸ್‌ಪೆಟ್ರೇ ಸರ್ಟಿಪಿಕೇಟ್ ಕೊಟ್ಟವ್ರೆ, ನಂದೇನು.”

ಅವ್ವ ಕಿಂಡಿಯಲ್ಲಿ ಕೊಡದೆ ತಾನೇ ತಟ್ಟೆ ಹಿಡಿದು ಹೋದಳು. ಗೌಡರು ಎರಡು ತುತ್ತು ನುಂಗಿ, “ಸಾರು ಯಾಕೋ ಒಗರು ಒಡೀತದಲ್ಲ,” ಅಂದರು. “ಉರುಳಿ ಒಸ್ದು ಗೌಡ್ರೇ, ಅದ್ಕೇಯ,” ಅಂದಳು ಅವ್ವ. ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮರ್ಯಾದೆಗೆ ಹಾಕಿಸಿಕೊಂಡರು ಅಂತ ಈಗ ಅನ್ನಿಸುತ್ತದೆ.

ಕೈ ತೊಳೆದು ಅರ್ಧ ಗಂಟೆಯೂ ಆಗಿರಲಿಲ್ಲ. ಮೊದಲು ಒಬ್ಬ ಲಾರಿ ಡ್ರೈವರು ಬಾಗಿಲಲ್ಲಿ ವಾಂತಿ ಮಾಡಿದ. ಆಮೇಲೆ ಅವನ ಕ್ಲೀನರು. ಆಮೇಲೆ ಅದೇ ಬೆಂಚನ್ನು ಹಿಡಿದುಕೊಂಡು ನಿಂಗೇಗೌಡರು. ಒಟ್ಟು ಏಳು ಜನ. ಅದೇ ಲಾರಿಯಲ್ಲಿ ಎಲ್ಲರನ್ನೂ ಮಳವಳ್ಳಿ ಆಸ್ಪತ್ರೆಗೆ ಒಯ್ದರು. ಸಂಜೆಗೆ ಎಲ್ಲರೂ ಎದ್ದು ಕೂತರು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಸಂಜೆಯ ತನಕ ಅವ್ವ ಅಡುಗೆಮನೆಯ ನೆಲದ ಮೇಲೆ ಕೂತು, ಸಾರು ಚೆಲ್ಲಿದ ಕೊಳಗದ ಕಂಠದಲ್ಲಿ ಕೂತಿದ್ದ ಹಸಿರು ಗೆರೆಯನ್ನು ನೋಡುತ್ತಲೇ ಇದ್ದಳು.

ಇನ್‌ಸ್ಪೆಕ್ಟರ್ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಬೆಳಿಗ್ಗೆ ಹೊಗಳಿದ ಬಾಯಿಯಲ್ಲವೇ. ನಿಂತಲ್ಲೇ ಒಂದು ಅಚ್ಚಾದ ಫಾರಂ ತುಂಬಿದರು.

“ಎಂಟು ದಿನ ಬಾಗಿಲು ಮುಚ್ಚಿ, ಸುಣ್ಣ ಬಳಿಸಿ, ಮತ್ತೆ ತೆಗೀರಿ. ಹಗುರವಾಗೇ ಬರೆದಿದ್ದೀನಿ,” ಅಂತ ಅಪ್ಪನ ಕೈಗೆ ಕೊಟ್ಟು ಹೋದರು.

ಮನೆಯಲ್ಲಿ ಓದು ಬರುತ್ತಿದ್ದದ್ದು ನನಗೊಬ್ಬನಿಗೇ, ಅಕ್ಕ ಮೂರನೇ ಕ್ಲಾಸಿಗೆ ನಿಂತವಳು. ನಾನು ಓದಿದೆ: “ಅಡುಗೆ ಸ್ಥಳ ಹಾಗೂ ಪಾತ್ರೆಗಳು ಅಶುಚಿಯಾಗಿರುವುದು ಕಂಡುಬಂದಿರುತ್ತದೆ.” ಅವ್ವ ಮೂರು ಸಲ ಓದಿಸಿದಳು. ಮೂರನೇ ಸಲ ಆ ಪದದ ಮೇಲೆ ಬೆರಳಿಟ್ಟು ತೋರಿಸಲು ಹೇಳಿದಳು. ತೋರಿಸಿದೆ.

“ಇದು ಸುಳ್ಳು,” ಅಂದಳು.

“ಸುಳ್ಳೋ ನಿಜಾನೋ, ಎಂಟ್ ದಿನಕ್ ಮುಗೀತು ಬುಡು,” ಅಂದ ಅಪ್ಪ. “ಏಳ್ ಜನ ಬದುಕವ್ರೆ, ಅದೇ ಸಾಕು.”

“ಇದ ಮುಚ್ಚಿಟ್ಕಳಕಾಯ್ತದಾ? ಇವ್ರ ಮನೆ ಗಲೀಜು ಅಂತ ಸರ್ಕಾರ್ದೋರೇ ಬರ್ದವ್ರೆ ಅಂತಾರೆ. ಇಷ್ಟ್ ದಿನ ಬರೀ ಮನ್ಸಲ್ಲಿ ಅಂತಿದ್ರು, ಈಗ ಕಾಗ್ದ ಇಡ್ಕಂಡು ಅಂತಾರೆ.”

“ಅನ್ಲಿ. ಅಂದ್ರೆ ಮೈಗ್ ಅಂಟ್ಕತದಾ?”

“ಅಂಟ್ಕತದೆ ಕಣಯ್ಯ. ಅದೊಂದೇ ತೊಳುದ್ರೂ ಓಗಲ್ಲ.”

ಮಾರನೇ ಬೆಳಿಗ್ಗೆ ಅವ್ವ ಕೊಳಗವನ್ನು ಸೀರೆಯಲ್ಲಿ ಗಂಟು ಕಟ್ಟಿ, ಅದರೊಳಗೆ ಒಂದು ಸೀಸೆ ಇಟ್ಟು, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಸೀಸೆಯಲ್ಲಿದ್ದದ್ದು ಅವಳು ರಾತ್ರಿಯೆಲ್ಲ ಕೊಳಗದಲ್ಲಿ ನೆನೆಯಲು ಬಿಟ್ಟಿದ್ದ ಹುಣಸೆನೀರು. ನೋಡಿದರೆ ಪಾಚಿಯ ಬಣ್ಣ. ಕಂಡಕ್ಟರು ಕೊಳಗಕ್ಕೂ ಒಂದು ಟಿಕೆಟು ಹರಿದು, “ಯಾರ್ ಮದ್ವೆಗವ್ವಾ?” ಅಂತ ಕೇಳಿದ. “ನಂದೇ,” ಅಂದಳು. ಮದ್ದೂರಿನಲ್ಲಿ ಇಳಿದು ಮಂಡ್ಯದ ಬಸ್ಸಿಗೆ ಕಾಯುವಾಗ ನನಗೆ ಎರಡು ವಡೆ ಕೊಡಿಸಿದಳು, ತಾನು ತಿನ್ನಲಿಲ್ಲ. ಕೊಳಗದ ಮೇಲೆ ಕೈಯಿಟ್ಟುಕೊಂಡು, ನನ್ನ ಮುಖ ನೋಡದೆ ಹೇಳಿದಳು:

“ಅಳದಿ ಬಂತಲ್ಲ, ಆಗ್ಲೇ ನಂಗೆ ಗೊತ್ತಾಯ್ತು ಕಣ್ಲಾ ಮಗ.”

“ಮತ್ಯಾಕೆ ಉಜ್ಜು ಅಂದೆ?”

“ಬೆಂಚಿನ್ ಮ್ಯಾಲ್ ಕುಂತೋರು ನೆಪ್ಪಾದ್ರು. ಇನ್ಸ್‌ಪೆಟ್ರು ನೋಡ್ಕಂಡ್ ಓಗ್ಲಿ, ಆಮೇಲ್ ಇದ್ರಲ್ಲಿ ಬರೀ ಅನ್ನ ಮಾಡ್ಕಂಡಿರಮ, ಉಳಿ ಸೋಕ್ಸದ್ ಬ್ಯಾಡ ಅನ್ಕಂಡಿದ್ದೆ. ಅವ್ರು ಒಗಳಿದ್ ಗ್ಯಾನದಲ್ಲೇ ಒಲೆ ಅಚ್ದೆ. ದಿನಾ ಮಾಡೋ ಕೈ, ಉಳಿ ಇಂಡ್ಬುಡ್ತು.”

ಎರಡನೇ ವಡೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಮಂಡ್ಯದ ಆಫೀಸಿನಲ್ಲಿ ಮಧ್ಯಾಹ್ನದ ತನಕ ಕೂರಿಸಿದರು. ಅವ್ವ ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಇದ್ದಳು. ಕಡೆಗೆ ದೊಡ್ಡ ಡಾಕ್ಟರಮ್ಮ ಒಬ್ಬರು ಒಳಗೆ ಕರೆದರು. ಕನ್ನಡಕ ಹಾಕಿದ್ದರು, ಆತುರದಲ್ಲಿದ್ದರು. ಅವ್ವ ಗಂಟು ಬಿಚ್ಚಿ ಕೊಳಗವನ್ನು ಅವರ ಮೇಜಿನ ಫೈಲುಗಳ ಮೇಲೆಯೇ ಇಟ್ಟಳು, ಸೀಸೆಯನ್ನು ಪಕ್ಕದಲ್ಲಿಟ್ಟಳು. ಡಾಕ್ಟರಮ್ಮ ಸೀಸೆಯನ್ನು ಬೆಳಕಿಗೆ ಹಿಡಿದರು, ಕೊಳಗದೊಳಗೆ ನೋಡಿದರು, ಅವರಿಗೆ ಒಂದೇ ನೋಟಕ್ಕೆ ಅರ್ಥವಾಯಿತು.

“ಕಲಾಯಿ ಎಲ್ಲಾ ಕಿತ್ತುಬಿಟ್ಟಿದ್ದೀರಲ್ಲಮ್ಮಾ. ಯಾರು ಉಜ್ಜಿದ್ದು ಹೀಗೆ?”

ನಾನು ಬಾಯಿ ತೆರೆದೆ. ಅವ್ವ ತನ್ನ ಕಾಲಿನಿಂದ ನನ್ನ ಕಾಲು ಒತ್ತಿ ಹಿಡಿದಳು.

“ನಾನೇ.”

“ಯಾಕೆ?”

“ಕಪ್ಪಗದೆ, ಮಸಿ, ತೊಳೀರಿ ಅಂದ್ರು. ತೊಳ್ದೆ.”

ಡಾಕ್ಟರಮ್ಮ ಫಾರಂ ಓದಿದರು. ಪೆನ್ನು ಮುಚ್ಚಿದರು, ತೆಗೆದರು.

“ನೋಡಿ, ಇದು ಹೀಗೇ ಇದ್ದರೆ ನಿಮಗೇ ಒಳ್ಳೇದು. ಅಶುಚಿ ಅಂದ್ರೆ ಎಂಟು ದಿನ. ಕಲಾಯಿ ಹೋದ ಪಾತ್ರೆಯಿಂದ ವಿಷವಾಯ್ತು ಅಂತ ನಾನು ಬರೆದರೆ ಲೈಸೆನ್ಸ್ ಹೋಗುತ್ತೆ. ಮತ್ತೆ ಕೊಡೋದು ಎಷ್ಟು ತಿಂಗಳಿಗೋ ಹೇಳಕ್ಕಾಗಲ್ಲ. ಮನೆಗೆ ಹೋಗಿ.”

“ಓಗ್ಲಿ ಲೈಸೆನ್ಸು,” ಅಂದಳು ಅವ್ವ. “ನಾನ್ ಮಾಡಿರೋ ತಪ್ಪ ಬರೀರಿ. ಮಾಡ್ದೆ ಇರೋದ ಬರೀಬ್ಯಾಡಿ.”

ಆ ಕೋಣೆಯ ಫ್ಯಾನು ತಿರುಗುವಾಗ ಒಂದು ಕಡೆ ಕಿರ್ ಅನ್ನುತ್ತಿತ್ತು. ಡಾಕ್ಟರಮ್ಮ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಅಚ್ಚಾದ ಸಾಲಿನ ಮೇಲೆ ಒಂದು ಗೀಟು ಎಳೆದು ಕೆಳಗೆ ಕೈಬರಹದಲ್ಲಿ ಬರೆದರು. ಅವ್ವ ನನಗೆ ಅಲ್ಲೇ ಓದು ಅಂದಳು. ಓದಿದೆ: “ಅಡುಗೆ ಸ್ಥಳ ಶುಚಿಯಾಗಿದೆ. ಕಲಾಯಿ ಸವೆದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟಿದ್ದರಿಂದ ಏಳು ಜನ ಅಸ್ವಸ್ಥರಾಗಿರುತ್ತಾರೆ. ಪರವಾನಗಿ ರದ್ದುಪಡಿಸಿದೆ.” ಡಾಕ್ಟರಮ್ಮ ಮುದ್ರೆ ಒತ್ತಿ, “ಚೆನ್ನಾಗಿ ಓದ್ತಾನೆ ಹುಡುಗ, ಬಿಡಿಸಬೇಡಿ,” ಅಂದರು. ನನ್ನ ಓದಿಗೆ ಸಿಕ್ಕ ಮೊದಲ ಹೊಗಳಿಕೆ, ಕಡೆಯದೂ ಅದೇ.

ಮನೆಗೆ ಬಂದ ಮೇಲೆ ಅಪ್ಪ ಎರಡು ದಿನ ಅವ್ವನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಮಾತಾಡಿದ, ಮಾತಾಡದಿದ್ದರೇ ಚೆನ್ನಾಗಿತ್ತು.

“ಎಂಟ್ ದಿನದ್ ಕೆಲ್ಸ. ನಿನ್ ರೋಸಕ್ಕೆ ಓಟ್ಲೇ ಓಯ್ತು. ಇಸ ಇಕ್ದೆ ಅಂತ ನೀನೇ ಓಗಿ ಬರ್ಸ್ಕಂಡ್ ಬಂದಿದ್ದೀಯಲ್ಲ, ತಲೇಲಿ ಏನದೆ ನಿಂಗೆ?”

ಅವ್ವ ಅನ್ನದ ಗಂಜಿಯನ್ನು ಅಂಟು ಮಾಡಿ, ಆ ಕಾಗದವನ್ನು ಮುಚ್ಚಿದ ಹೋಟೆಲಿನ ಬಾಗಿಲಿಗೆ, ಎಲ್ಲರಿಗೂ ಕಾಣುವ ಎತ್ತರಕ್ಕೆ ಅಂಟಿಸಿದಳು. ದಾರಿಯಲ್ಲಿ ಹೋಗುವವರು ನಿಂತು ಓದಿದರು. ಕೆಲವರು ನಕ್ಕರು. ನಿಂಗೇಗೌಡರು ಕೂಡ ಒಂದು ದಿನ ಗದ್ದೆಯಿಂದ ಬಂದು, ಕಾಲಿನ ಕೆಸರು ಒಣಗುವ ತನಕ ನಿಂತು ಓದಿ ಹೋದರು.

ಸ್ಕೂಲಿನಲ್ಲಿ ನನಗೆ ಕೂರಲಾಗಲಿಲ್ಲ. ಬೆಂಚಿನ ಮೇಲೆ ಕೂತರೆ ಕೈ ತಾನಾಗಿ ಡೆಸ್ಕನ್ನು ಉಜ್ಜುತ್ತಿತ್ತು. ಕಲಾಯಿ ಕಿತ್ತು ಆ ಹಳದಿ ತಂದದ್ದು ನನ್ನ ಕೈ, ಅದನ್ನು ಹೇಳಲು ಅವ್ವ ಬಿಡಲಿಲ್ಲ, ಹೇಳದೆ ಇರಲು ನನ್ನಿಂದಾಗಲಿಲ್ಲ. ಒಂದು ಸೋಮವಾರ ಪುಸ್ತಕದ ಚೀಲವನ್ನು ರಾಗಿ ಮೂಟೆಯ ಮೇಲಿಟ್ಟು, ಮದ್ದೂರಿಗೆ ಹೋಗಿ ಇಮಾಂ ಸಾಬರ ಬಳಿ ಕಲಾಯಿ ಕಲಿಯುತ್ತೇನೆ ಅಂದೆ.

“ಕಾಗ್ದ ಓದಕ್ಕೆ ನೀನೊಬ್ನೇ ಕಣ್ಲಾ ನಂಗಿರೋದು,” ಅಂದಳು ಅವ್ವ.

“ಓದಕ್ ಬತ್ತದಲ್ಲವ್ವಾ. ಇನ್ ಮಾಡಕ್ ಬರ್ಬೇಕು.”

ಇಮಾಂ ಸಾಬರು ಮೊದಲು ಬೈದರು. ಸತ್ತ ಕಸುಬು, ಕಣ್ಣು ಹೋಗುತ್ತದೆ, ಹೊಗೆ ಎದೆಗಿಳಿಯುತ್ತದೆ, ಸ್ಕೂಲಿಗೆ ಹೋಗು ಅಂದರು. ನಾನು ಅವರ ಮಗಳ ಮನೆಯ ಜಗುಲಿ ಬಿಟ್ಟು ಏಳಲಿಲ್ಲ. ಸಂಜೆಗೆ ಅವರೇ ತಿದಿಯನ್ನು ಅಟ್ಟದಿಂದ ಇಳಿಸಿದರು. ಐದು ತಿಂಗಳು ಅವರು ಊದಿದ ಕಾಲು ಚಾಚಿಕೊಂಡು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ: ಪಾತ್ರೆ ಎಷ್ಟು ಕಾಯಬೇಕು, ನವಸಾಗರದ ಪುಡಿ ಎಷ್ಟು ಎರಚಬೇಕು, ತವರ ಕರಗಿ ಓಡುವಾಗ ಹತ್ತಿಯಿಂದ ಒಂದೇ ಸಮ ಒರೆಸುವುದು ಹೇಗೆ. ಕೈ ಒಂದು ಗಳಿಗೆ ನಿಂತರೆ ಗಂಟು ಕಟ್ಟುತ್ತದೆ. “ಕೈ ನಿಲ್ಲಬಾರದು ಬೇಟಾ, ಮನಸ್ಸು ಬೇಕಾದ್ರೆ ನಿಲ್ಲಲಿ,” ಅನ್ನುತ್ತಿದ್ದರು. ನನ್ನದು ಎರಡೂ ನಿಲ್ಲಲಿಲ್ಲ. ಅವತ್ತಿನಿಂದ ಇವತ್ತಿನ ತನಕ ನಿಂತಿಲ್ಲ. ಆರನೇ ತಿಂಗಳು ಊರಿಗೆ ಬಂದು, ರಸ್ತೆ ಪಕ್ಕ ಗುಂಡಿ ತೋಡಿ, ನಮ್ಮ ಕೊಳಗಕ್ಕೆ ನಾನೇ ಕಲಾಯಿ ಹಾಕಿದೆ. ಅಪ್ಪ ತಿದಿ ಒತ್ತಿದ. ಕೆಲಸ ಮುಗಿಯುವ ತನಕ ನಮ್ಮಿಬ್ಬರ ಬೆನ್ನ ಹಿಂದೆ ನಿಂತಿದ್ದ ಅವ್ವ, ಕೊಳಗ ತಣ್ಣಗಾದ ಮೇಲೆ ಹೆಬ್ಬೆರಳನ್ನು ಒಳಮೈ ಸುತ್ತ ಒಂದು ಸುತ್ತು ಆಡಿಸಿ ಒಳಗೆ ಹೋದಳು.

ಲೈಸೆನ್ಸು ಮತ್ತೆ ಸಿಕ್ಕಿ ಹೋಟೆಲು ತೆರೆದ ಮೇಲೂ ಬೆಂಚು ಬಹಳ ದಿನ ಖಾಲಿಯಿತ್ತು. ಡ್ರೈವರುಗಳು ಬಂದರು, ಊರಿನವರು ಬರಲಿಲ್ಲ. ಕಲಾಯಿಯ ಬೆಳ್ಳಿ ಹೋಗಿ ಬೂದು ಬಂದು, ಬೂದು ಕಪ್ಪಾಗುತ್ತಿದ್ದ ಒಂದು ಮಧ್ಯಾಹ್ನ ನಿಂಗೇಗೌಡರು ಬಂದು ಹೊಸ್ತಿಲ ಮೇಲೆ ನಿಂತರು.

“ಚಿಕ್ಕತಾಯಿ, ಮೊದ್ಲು ಆ ಪಾತ್ರೆ ತೋರ್ಸು.”

ಅವ್ವ ಕೊಳಗವನ್ನು ಎತ್ತಿ ತಂದು ಅವರ ಮುಂದೆ ವಾಲಿಸಿದಳು. ಅವರು ಬಗ್ಗಿ, ಬೆರಳು ಹಾಕಿ ಉಜ್ಜಿ, ಬೆರಳು ನೋಡಿಕೊಂಡರು.

“ಮಸಿ ಇದ್ದಂಗದೆ.”

“ಮಸಿ ಅಂತ್ಲೇ ಅನ್ಕಳಿ ಗೌಡ್ರೇ. ಇದ್ನ ಮಾತ್ರ ನಾನ್ ಉಜ್ಜಕಿಲ್ಲ. ಉಣ್ಣಂಗಿದ್ರೆ ಕುಂತ್ಕಳಿ, ಇಲ್ದಿದ್ರೆ ಟೀ ಕುಡ್ದು ಓಗಿ.”

ಅವರು ಚಪ್ಪಲಿ ಬಿಟ್ಟರು.

“ಓದ್ಸಲ ಉಂಡಿದ್ದು ಒಟ್ಟೇಲಿ ನಿಲ್ನಿಲ್ಲ ಕಣವ್ವ,” ಅಂದರು. “ಇದಾದ್ರೂ ನಿಲ್ಲಂಗೆ ಇಕ್ಕು.”

ಮೂರನೇ ಮೇಜಿಗೆ ಕೂತರು. ಅವ್ವ ಮೊದಲ ಸೌಟನ್ನು ಅವರಿಗೆ ಕಾಣುವ ಹಾಗೆ ತನ್ನ ಅಂಗೈಗೆ ಹಾಕಿಕೊಂಡು ನೆಕ್ಕಿ, ಆಮೇಲೆ ಬಡಿಸಿದಳು. ಗೌಡರ ತಮ್ಮ ಮಾತ್ರ ಕಡೆಯ ತನಕ ಬರಲಿಲ್ಲ. ಅವನ ಮೊಮ್ಮಕ್ಕಳು ಈಗ ನಮ್ಮ ಹೋಟೆಲಿಂದಲೇ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿಕೊಳ್ಳುತ್ತಾರೆ.

ಈಗ ಆಹಾರ ಸುರಕ್ಷತೆಯವರು ಹೇಳಿ ಬರುವುದಿಲ್ಲ. ಹೋದ ವಾರ ಬಂದಿದ್ದವರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಫ್ರಿಜ್ಜಿಗೆ ಥರ್ಮಾಮೀಟರ್ ಇಟ್ಟರು, ಕರಿದ ಎಣ್ಣೆ ಅಳೆದರು, ಕೆಲಸದವರ ಟೋಪಿ, ಉಗುರು ನೋಡಿದರು, ಎಲ್ಲದರ ಫೋಟೋ ತೆಗೆದರು. ನಾನು ಅವರ ಹಿಂದೆ ಹಿಂದೆಯೇ, ಒಂದು ಹೆಜ್ಜೆ ಬಿಡದೆ. ಹೊರಡುವ ಮುಂಚೆ ಮೂಲೆಯ ಸ್ಟೂಲಿನ ಮೇಲಿದ್ದ ಕೊಳಗದೊಳಗೆ ನೋಡಿ, “ಇದು ಒಳಗೆ ಕಪ್ಪಗಿದೆಯಲ್ಲ ಸರ್, ಕ್ಲೀನ್ ಮಾಡಿಸಿ,” ಅಂದರು. ಮೂವತ್ತು ವರ್ಷ ಮೀರಿದ ಮೇಲೂ ನನ್ನ ಕೈ ನಾರು ಹುಡುಕಿತು ಅಂದರೆ ನಂಬಬೇಕು. ಅಡುಗೆಮನೆ ಬಾಗಿಲ ಕುರ್ಚಿಯಲ್ಲಿ ಕೂತಿದ್ದ ಅವ್ವ, ಕಣ್ಣು ಅರ್ಧ ಮಂಜಾಗಿರುವ ಅವ್ವ, ನನಗಿಂತ ಮೊದಲು ಹೇಳಿದಳು:

“ಅದು ಮಸಿ ಅಲ್ಲ ಕಣಮ್ಮ. ಕುಂತ್ಕ, ಯೋಳ್ತೀನಿ.”

ಆ ಹೆಣ್ಣುಮಗಳು ಕೂತರು. ಪೂರ್ತಿ ಕೇಳಿದರು. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ ಆ ಹಳೆಯ ಕಾಗದದ ಫೋಟೋ ತೆಗೆದುಕೊಂಡರು. ಅವರು ಹೋದ ಮೇಲೂ ನಾನು ಎರಡು ಸಲ ಎದ್ದು ಹೋಗಿ ಕೊಳಗವನ್ನು ಮುಟ್ಟಿ ನೋಡಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹೋಟೆಲು ಎರಡು: ಮಳವಳ್ಳಿಯದು ಒಂದು, ಮದ್ದೂರಿನದು ಒಂದು. ಮೇಜು ಇಪ್ಪತ್ತೆರಡು. ಕೆಲಸದವರು ಹದಿನೇಳು ಜನ. ಫ್ರಿಜ್ಜು ಮೂರು, ಸ್ಟೀಲಿನ ಕೊಳಗ ಹನ್ನೊಂದು, ಬಟ್ಟೆ ಒಣಗಿಸುವ ಮೊಳೆ ಒಂದೊಂದು ಅಡುಗೆಮನೆಗೆ ನಾಲ್ಕು. ಓದಿದ್ದು ಏಳೂವರೆ ಕ್ಲಾಸು. ತಪಾಸಣೆಯ ವರದಿಗಳು ಫೈಲಿನಲ್ಲಿ ಇಪ್ಪತ್ತೊಂಬತ್ತು, ಚೌಕಟ್ಟಿನಲ್ಲಿ ಒಂದು. ಹಿತ್ತಾಳೆ ಕೊಳಗ ಒಂದು, ಪ್ರತಿ ಯುಗಾದಿಗೆ ನಾನೇ ಕಲಾಯಿ ಹಾಕುತ್ತೇನೆ. ಗಿರಾಕಿಗಳಿಗೆ ಅದರಲ್ಲಿ ಏನೂ ಬೇಯಿಸುವುದಿಲ್ಲ, ಮನೆಯವರ ಸಾರು ಮಾತ್ರ. ಹೊರಗಡೆ ಬೆಂಚು ಇಲ್ಲ.